ಯಂತ್ರ ಆಮೇಲೆ, ಮೊದಲು ಬುಟ್ಟಿ

ಕಾಲೇಜು ಉಪನ್ಯಾಸಕಿಯೊಬ್ಬರ ಪತ್ರದ ಸಾರ ಇದು: ಅವರಲ್ಲಿ 300 ವಿದ್ಯಾರ್ಥಿನಿಯರು. ಶೌಚಾಲಯದಲ್ಲಿ ಕೈತೊಳೆಯುವ ಕಡೆ ಪ್ಯಾಡ್ ಸುಡುವ ವಿದ್ಯುತ್ ಯಂತ್ರ ಹಾಕಿಸಿದ್ದಾರೆ. ಅದು ಹೊಗೆ ಕಾರುತ್ತದೆ, ಪದೇ ಪದೇ ಕೆಡುತ್ತದೆ. ಕಮೋಡುಗಳೂ ಕಟ್ಟಿಕೊಳ್ಳುತ್ತಿವೆ. ಇದಕ್ಕಿಂತ ದೊಡ್ಡ ಯಂತ್ರ ತರಿಸಬೇಕೇ?

ಸಂಪಾದಕರ ಉತ್ತರ:

ಸದ್ಯಕ್ಕೆ ಬೇಡ ಮೇಡಂ. ಯಂತ್ರ ಇರುವ ಜಾಗವೇ ಮೊದಲ ತಪ್ಪು. ಬಳಸಿದ ಪ್ಯಾಡ್ ಕೈಯಲ್ಲಿ ಹಿಡಿದು, ಸಾಲಿನಲ್ಲಿ ನಿಂತವರ ಎದುರು ನಾಲ್ಕು ಹೆಜ್ಜೆ ನಡೆಯಲು ಎಷ್ಟು ಹುಡುಗಿಯರು ಒಪ್ಪಿಯಾರು? ಒಪ್ಪದವರು ಕಮೋಡಿಗೆ ಹಾಕಿ ಫ್ಲಶ್ ಒತ್ತುತ್ತಾರೆ. ಪ್ಯಾಡಿನ ನಡುಪದರದಲ್ಲಿ ಮರದ ನಾರಿನ ಜೊತೆ ಪಾಲಿಮರ್ ಹರಳುಗಳಿರುತ್ತವೆ. ಬರೀ ನೀರು ಸಿಕ್ಕರೆ ತಮ್ಮ ತೂಕದ ನೂರಾರು ಪಟ್ಟು ಹೀರಿ ಲೋಳೆಯಾಗಿ ಉಬ್ಬುತ್ತವೆ. ಉಬ್ಬಿದ ಪ್ಯಾಡ್ ಪೈಪಿನ ಬಾಗಿನಲ್ಲಿ ಸಿಕ್ಕಿಕೊಂಡರೆ ಆಸಿಡ್ ಸುರಿದೂ ಪ್ರಯೋಜನವಿಲ್ಲ, ಅಡಿಯ ಪ್ಲಾಸ್ಟಿಕ್ ಹಾಳೆ ಅದಕ್ಕೆ ಕರಗುವುದಿಲ್ಲ.

ಹಾಗಾಗಿ ಪ್ರತಿ ಶೌಚಕೋಣೆಯ ಒಳಗೂ ಒಂದು ಬುಟ್ಟಿ ಇಡಿ. ಕಾಲಿನಿಂದ ಒತ್ತಿ ತೆರೆಯುವ ಮುಚ್ಚಳದ, 10 ಲೀಟರಿನ ಪ್ಲಾಸ್ಟಿಕ್ ಬುಟ್ಟಿ ಸಾಕು, ಒಳಗೊಂದು ಚೀಲ ಹಾಕಿ. ತಗಡಿನದು ತೇವಕ್ಕೆ ತುಕ್ಕು ಹಿಡಿಯುತ್ತದೆ. ಕೂತಲ್ಲಿಂದಲೇ ಕೈಗೆಟುಕಬೇಕು. ಪಕ್ಕದ ಗೋಡೆಯ ಮೊಳೆಗೆ ಅರ್ಧ ಹಾಳೆಯ ಅಳತೆಗೆ ಕತ್ತರಿಸಿದ ಹಳೆ ಪತ್ರಿಕೆಯ ಕಟ್ಟೊಂದನ್ನು ದಾರ ಪೋಣಿಸಿ ತೂಗುಹಾಕಿ. ಸುತ್ತಲು ಕಾಗದ ಸಿಗದಿದ್ದರೆ ಪ್ಯಾಡ್ ಬಿಚ್ಚಿದಂತೆಯೇ ಬುಟ್ಟಿಗೆ ಬೀಳುತ್ತದೆ; ನೊಣ, ವಾಸನೆ ಶುರುವಾಗುವುದು ಅಲ್ಲಿಂದ. ಬುಟ್ಟಿಯನ್ನು ದಿನವೂ ಖಾಲಿ ಮಾಡಬೇಕು, ಮುಕ್ಕಾಲು ತುಂಬಿದರೆ ಸಂಜೆಗೆ ಕಾಯದೆ ಆಗಲೇ.

ಇನ್ನು ಲೆಕ್ಕ. 28 ದಿನದಲ್ಲಿ 5 ದಿನ ಮುಟ್ಟು ಎಂದುಕೊಂಡರೆ 300 ಜನರಲ್ಲಿ ಯಾವುದೇ ದಿನ ಸುಮಾರು 54 ಮಂದಿ ಮುಟ್ಟಿನಲ್ಲಿರುತ್ತಾರೆ. ಕಾಲೇಜಿನ ಹೊತ್ತಿನಲ್ಲಿ ಒಂದೆರಡು ಸಲ ಬದಲಿಸಿದರೂ ದಿನಕ್ಕೆ 80ರ ಆಸುಪಾಸು ಪ್ಯಾಡ್. ಸಲಕ್ಕೆ 5 ಪ್ಯಾಡ್ ಹಿಡಿಸುವ, 20 ನಿಮಿಷ ಬೇಕಾಗುವ ಯಂತ್ರವಾದರೆ ಇಷ್ಟನ್ನೂ ಸುಡಲು ಐದು ಗಂಟೆ ದಾಟುತ್ತದೆ. ಅಷ್ಟು ಹೊತ್ತು ಕಾಯುವವರು ಯಾರು? ಐದರ ಜಾಗಕ್ಕೆ ಹತ್ತು ತುರುಕುತ್ತಾರೆ. ಒದ್ದೆ ಪ್ಯಾಡಿನ ನೀರು ಆವಿಯಾಗುವುದರಲ್ಲೇ ಶಾಖವೆಲ್ಲ ಮುಗಿದು, ಪ್ಲಾಸ್ಟಿಕ್ ಉರಿಯದೆ ಕರಗಿ ಕಾಯಿಲ್ (ಯಂತ್ರವನ್ನು ಕಾಯಿಸುವ ತಂತಿಸುರುಳಿ) ಮೇಲೆ ಮೆತ್ತಿಕೊಳ್ಳುತ್ತದೆ. ಕಾಯಿಲ್ ಸುಟ್ಟುಹೋಗುವುದು ಹೀಗೆ.

ಹೊಗೆಯನ್ನು ಬರೀ ವಾಸನೆಯೆಂದು ಬಿಡಬೇಡಿ. ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ, ಕ್ಲೋರಿನ್ ಇರುವ ವಸ್ತು ಸೇರಿದ್ದರೆ ಡಯಾಕ್ಸಿನ್ ಎಂಬ ಇನ್ನೊಂದು ವಿಷ ಕೂಡ. ಇವು ನಾಶವಾಗಬೇಕಾದರೆ ಹೊರಡುವ ಅನಿಲ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 2 ಸೆಕೆಂಡ್ ಇರಬೇಕು. ಇದು ಕಸಕ್ಕೊಂದು, ಹೊಗೆಗೊಂದು ಎಂದು ಎರಡು ಉರಿಗೂಡುಗಳಿರುವ ದೊಡ್ಡ ಘಟಕದ ಕೆಲಸ, ಗೋಡೆಗೆ ತೂಗುಹಾಕಿದ ಡಬ್ಬಿಯದಲ್ಲ. ನಂಬಿಕೆ ಬಾರದಿದ್ದರೆ ಬೂದಿಯ ತಟ್ಟೆ ಎಳೆದು ನೋಡಿ: ತಿಳಿಬೂದು ಪುಡಿ ಇರಬೇಕಾದ ಕಡೆ ಕಪ್ಪು ಗಂಟುಗಳಿದ್ದರೆ ಸುಟ್ಟಿಲ್ಲ, ಬೆಂದಿದೆ ಅಷ್ಟೆ. ಬುಟ್ಟಿಯ ಚೀಲಗಳನ್ನು ಬಾಯಿ ಕಟ್ಟಿ, ಗುರುತು ಹಾಕಿ, ಒಣಕಸಕ್ಕೆ ಸೇರಿಸದೆ, ಇಂಥ ಕಸವನ್ನು ಬೇರೆಯಾಗಿ ಒಯ್ಯುವವರಿಗೆ ಒಪ್ಪಿಸಿ. ಒಣಕಸದಲ್ಲಿ ಸೇರಿಹೋದರೆ ಅದನ್ನು ವಿಂಗಡಿಸುವವರು ಬರಿಗೈಯಲ್ಲಿ ಬಿಚ್ಚಬೇಕಾಗುತ್ತದೆ.

ಹಿತ್ತಲಲ್ಲಿ ಗುಂಡಿ ತೋಡಿ ಹೂಳುವುದು ಬರೀ ಹತ್ತಿಬಟ್ಟೆಗೆ ಸರಿ. ಪ್ಲಾಸ್ಟಿಕ್ ಪದರದ ಪ್ಯಾಡ್ ಅಲ್ಲಿ ಕೊಳೆಯುವುದಿಲ್ಲ.

ಸ್ವಚ್ಛತಾ ಸಿಬ್ಬಂದಿಗೆ ಮೊಣಕೈವರೆಗಿನ ದಪ್ಪ ರಬ್ಬರ್ ಕೈಗವಸು ಕೊಡಿ, ಚೀಲವನ್ನು ಅದುಮಬಾರದೆಂದು ಹೇಳಿ. ಖಾಲಿ ಬುಟ್ಟಿಯನ್ನು ಸೋಪಿನಲ್ಲಿ ತೊಳೆದ ಮೇಲೆ, ಶೇ 5ರ ಬ್ಲೀಚ್ ದ್ರಾವಣ 1 ಪಾಲಿಗೆ ನೀರು 9 ಪಾಲು ಬೆರೆಸಿ, ಅದನ್ನು ಬುಟ್ಟಿಯ ಒಳಮೈಗೆ ಹಚ್ಚಿ 10 ನಿಮಿಷ ಬಿಡಬೇಕು. ಕಮೋಡಿಗೆ ಹಾಕುವ ಆಸಿಡ್ ಇದರ ಹತ್ತಿರ ಸುಳಿಯಕೂಡದು: ಎರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ, ಅದೂ ಕಿಟಕಿಯಿಲ್ಲದ ಕೋಣೆಯಲ್ಲಿ.