ಮನೆ ಕಟ್ಟಲು ಪರಿಸರಸ್ನೇಹಿ ಸಾಮಗ್ರಿಗಳನ್ನು ತೂಗಿ ನೋಡುವುದು ಹೇಗೆ?

ಮಣ್ಣು, ಬಿದಿರು, ಹಾರುಬೂದಿ (ಕಲ್ಲಿದ್ದಲು ಉರಿಸಿದಾಗ ಉಳಿಯುವ ನುಣುಪು ಬೂದಿ) ಇಟ್ಟಿಗೆ ಎಲ್ಲವನ್ನೂ ಪರಿಸರಸ್ನೇಹಿ ಎಂದೇ ಮಾರುತ್ತಾರೆ, ಆರಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನಾದರೆ ಮೊದಲು ಸಿಮೆಂಟಿನ ಲೆಕ್ಕ ಹಾಕುತ್ತೇನೆ. ಸಿಮೆಂಟ್ ತಯಾರಿಕೆಯಲ್ಲಿ ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಆಗ ಉರುವಲಿನ ಹೊಗೆಯಷ್ಟೇ ಅಲ್ಲ, ಕಲ್ಲಿನೊಳಗೇ ಅಡಗಿದ್ದ ಇಂಗಾಲದ ಡೈಆಕ್ಸೈಡ್ ಕೂಡ ಹೊರಬರುತ್ತದೆ. ಸಿಮೆಂಟ್ ತಯಾರಿಕೆ ಹೊರಬಿಡುವ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದ್ದೇ. ಎಷ್ಟು ಒಳ್ಳೆಯ ಇಂಧನ ಉರಿಸಿದರೂ ಇದು ತಪ್ಪದು. ಹಾರುಬೂದಿ ಅಥವಾ ಕಬ್ಬಿಣದ ಕುಲುಮೆಯ ಸ್ಲ್ಯಾಗ್ (ಕಿಟ್ಟ) ಬೆರೆಸಿದ ಸಿಮೆಂಟ್ ಬಳಸಿದರೆ ಈ ಇಂಗಾಲದಲ್ಲಿ ದೊಡ್ಡ ಉಳಿತಾಯ. ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಕ್ಯೂರಿಂಗ್‌ಗೆ (ನೀರುಣಿಸಿ ಒದ್ದೆಯಾಗಿಡುವುದಕ್ಕೆ) ಹೆಚ್ಚು ದಿನ ಬೇಕು. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ.

ಗೋಡೆಗೆ ನನ್ನ ಒಲವು ಯಂತ್ರದಲ್ಲಿ ಒತ್ತಿ ತಯಾರಿಸಿದ ಮಣ್ಣಿನ ಬ್ಲಾಕ್ ಕಡೆಗೆ. ಸುಡುವ ಕೆಲಸವಿಲ್ಲ, ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಸಿಮೆಂಟ್ ಸಾಕು. ಆದರೆ ಮಣ್ಣಿನ ಪರೀಕ್ಷೆ ಮಾಡಿಸದೆ ಕೈಹಾಕಬೇಡಿ. ಜೇಡಿ ಹೆಚ್ಚಾದರೆ ಬ್ಲಾಕ್ ಬಿರುಕು ಬಿಡುತ್ತದೆ, ಕಡಿಮೆಯಾದರೆ ಅಚ್ಚಿನಿಂದ ತೆಗೆಯುವಾಗಲೇ ಅಂಚು ಉದುರುತ್ತದೆ. ಗೋಡೆ ನೆನೆಯದಂತೆ ಎತ್ತರದ ತಳಪಾಯವೂ ಚಾಚಿದ ಸೂರೂ ಇರಲೇಬೇಕು.

ಬಿದಿರನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಸಂಸ್ಕರಿಸದಿದ್ದರೆ ಹುಳು ಹಿಡಿಯುತ್ತದೆ. ಆ ಲವಣ ಮಳೆಗೆ ತೊಳೆದುಹೋಗುವುದರಿಂದ ನೆನೆಯುವ ಜಾಗಕ್ಕೆ ಬಿದಿರು ಬೇಡ.

ಹಳೆಯ ಕಟ್ಟಡದ ಬಾಗಿಲು, ತೊಲೆ ಗಟ್ಟಿಯಾಗಿದ್ದರೆ ಬಿಡಬೇಡಿ. ಭಾರದ ಸಾಮಗ್ರಿಗೆ ಲಾರಿಯ ದೂರವನ್ನೂ ಸೇರಿಸಿ. ಬಾಳಿಕೆಯನ್ನೂ ನೋಡಿ: 15 ವರ್ಷಕ್ಕೊಮ್ಮೆ ಬದಲಿಸಬೇಕಾದದ್ದನ್ನು 60 ವರ್ಷ ಬಾಳುವ ಮನೆಯ ಲೆಕ್ಕದಲ್ಲಿ ನಾಲ್ಕು ಸಲ ಎಣಿಸಿ.