‘ನಾನು ಎಲ್ಲೂ ಹೋಗಲಿಲ್ಲ’ ಅನ್ನುವ ಸಿಟ್ಟು

ಆಫೀಸಿನ ಕೆಲಸದ ಮೇಲೆ ಹೊರದೇಶಕ್ಕೆ ಹೋದವರಿಗೆ ನಡುವೆ ಶನಿವಾರ, ಭಾನುವಾರ ಬಿಡುವು ಸಿಗುತ್ತದೆ. ಆ ಎರಡು ದಿನ ಏನು ಮಾಡಬೇಕು ಅನ್ನುವುದೂ ಒಂದು ಸಮಸ್ಯೆನಾ ಅಂತ ನೀವು ನಗಬಹುದು. ಬೆಂಗಳೂರಿನಲ್ಲಿ ಗಂಡ ಹೆಂಡತಿಯರ ಜಗಳ ಕೇಳುವ ನನ್ನಂಥವರನ್ನು ಕೇಳಿ ನೋಡಿ. ಮನೆ ಸಾಲ, ಮಕ್ಕಳ ಓದು, ಅತ್ತೆ ಮಾವನ ಆರೋಗ್ಯ, ಇವುಗಳ ಸಾಲಿನಲ್ಲೇ ಇದೂ ಬಂದು ನಿಲ್ಲುತ್ತದೆ. ಇದೇ ಕಾರಣ ಹೇಳಿಕೊಂಡು ಯಾರೂ ಬರುವುದಿಲ್ಲ. ಬೇರೇನೋ ಮಾತಾಡುತ್ತಾ ಇರುವಾಗ, ‘ಆವತ್ತು ನೀನು ನಯಾಗರಾ ಮುಂದೆ ನಿಂತು ಹಲ್ಲು ಕಿರಿಯುತ್ತಿದ್ದೆ, ನಾನಿಲ್ಲಿ ಮಗು ಎತ್ತಿಕೊಂಡು ಆಸ್ಪತ್ರೆಯಲ್ಲಿ ಕೂತಿದ್ದೆ’ ಅಂತ ಹಳೆಯ ಸಿಟ್ಟು ಹೊರಗೆ ಬೀಳುತ್ತದೆ.

ಇದರಲ್ಲಿ ಎರಡು ಥರದವರು. ಹೋಗಿ ಬಂದು ಮುಚ್ಚಿಡುವವರು ಒಂದು ಕಡೆ. ಎಲ್ಲೂ ಹೋಗದೆ ರೂಮಿನಲ್ಲೇ ಕೂತು ಒಳಗೊಳಗೇ ಕುದಿಯುವವರು ಇನ್ನೊಂದು ಕಡೆ. ಮೊದಲನೆಯವರಿಗೆ ಬೈಯುವುದಕ್ಕೆ ಜನ ಬೇಕಾದಷ್ಟಿದ್ದಾರೆ. ಎರಡನೆಯವರನ್ನು ಮಾತ್ರ ಎಲ್ಲರೂ ‘ಪಾಪ, ಎಷ್ಟು ಜವಾಬ್ದಾರಿ’ ಅಂತ ಹೊಗಳಿ ಸುಮ್ಮನಾಗುತ್ತಾರೆ. ನನಗೆ ಈ ಹೊಗಳಿಕೆಯ ಮೇಲೇ ತಕರಾರು. ಈ ಪ್ರಕರಣ ಬರೆಯುವುದಕ್ಕೆ ಅದೇ ಕಾರಣ. ಗುರುತು ಸಿಗುವ ವಿವರ ಬದಲಿಸಿದ್ದೇನೆ, ಇಬ್ಬರ ಒಪ್ಪಿಗೆಯೂ ಇದೆ.

ಆಕೆಗೆ ಮೂವತ್ತು ದಾಟಿದೆ. ಕಾರುಗಳ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಕ್ಲೈಂಟ್ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಮನೆಯಲ್ಲಿ ಗಂಡ, ಏಳು ವರ್ಷದ ಮಗ, ಸಕ್ಕರೆ ಕಾಯಿಲೆ ಇರುವ ಅತ್ತೆ. ಹಿಂದಿನ ವರ್ಷ ಜೂನ್‌ನಲ್ಲಿ ಒಂದು ಸಲ ಹೋಗಿ ಬಂದಿದ್ದರು. ಈಗ ಸೆಪ್ಟೆಂಬರ್‌ನಲ್ಲಿ ಮತ್ತೆ ಹೋಗಬೇಕು. ಟಿಕೆಟ್ ವಿಷಯ ಬಂದಾಗಿನಿಂದ ಮನೆಯಲ್ಲಿ ದಿನಾ ಜಗಳ, ಆಕೆಗೆ ತಲೆನೋವು, ರಾತ್ರಿ ನಿದ್ದೆ ಇಲ್ಲ. ‘ಹೋಗೋದೇ ಬೇಡ ಅಂತ ಮ್ಯಾನೇಜರ್‌ಗೆ ಹೇಳಿಬಿಡ್ಲಾ ಮೇಡಂ?’ ಅಂತ ಕೇಳಿಕೊಂಡು ಬಂದರು.

ಹಿಂದಿನ ಸಲ ಹೇಗಿತ್ತು ಅಂತ ಕೇಳಿದೆ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಶನಿವಾರ ಮಗನಿಗೆ ಅರ್ಧ ದಿನ ಶಾಲೆ, ಬಿಳಿ ಯೂನಿಫಾರ್ಮ್. ಇಲ್ಲಿ ಆರೂವರೆಗೆ ಅವನನ್ನು ಎಬ್ಬಿಸಬೇಕು ಅಂದರೆ ಅಲ್ಲಿ ಬೆಳಗಿನ ಜಾವ ಮೂರು. ಆಕೆ ಮೂರಕ್ಕೆ ಅಲಾರಾಂ ಇಟ್ಟು ಏಳುತ್ತಿದ್ದರು. ಇಲ್ಲಿ ಅಡುಗೆಮನೆಯಲ್ಲಿ ಫೋನನ್ನು ಮಿಕ್ಸಿಗೆ ಒರಗಿಸಿ ನಿಲ್ಲಿಸಬೇಕು. ಬಿಳಿ ಶರ್ಟು ಎರಡನೇ ಖಾನೆಯಲ್ಲಿದೆ, ಅತ್ತೆ ಮಾತ್ರೆ ತಿಂಡಿಗೆ ಮುಂಚೆ ಕೊಡಿ, ಗ್ಯಾಸ್ ಸಣ್ಣ ಮಾಡಿ. ಸಂಜೆವರೆಗೂ ಹೀಗೇ. ಭಾನುವಾರ ಅಲ್ಲಿ ಅಂಗಡಿಗಳಿಗೆ ರಜೆ. ತಂದಿಟ್ಟ ಬ್ರೆಡ್ಡು, ಊರಿನಿಂದ ಒಯ್ದ ಚಟ್ನಿಪುಡಿ ತಿಂದುಕೊಂಡು ಮತ್ತೆ ಫೋನು. ಒಂದು ಭಾನುವಾರ ಗಂಡ ಫೋನನ್ನು ಕವುಚಿ ಹಾಕಿಬಿಟ್ಟರಂತೆ. ‘ಹತ್ತು ನಿಮಿಷ ಬರೀ ಕಪ್ಪು ಸ್ಕ್ರೀನ್ ನೋಡ್ಕೊಂಡು ಕೂತಿದ್ದೆ’ ಅಂದರು.

ವಾಪಸ್ ಬಂದ ದಿನ ಅತ್ತೆ, ‘ಪುಣ್ಯವಂತೆ ಕಣಮ್ಮ, ಜರ್ಮನಿ ಎಲ್ಲಾ ನೋಡ್ಕೊಂಡು ಬಂದೆ’ ಅಂದರಂತೆ. ಆಕೆಗೆ ಎಲ್ಲಿತ್ತೋ ಸಿಟ್ಟು. ನಾನೇನೂ ನೋಡಲಿಲ್ಲ, ಎಲ್ಲೂ ಹೋಗಲಿಲ್ಲ ಅಂತ ಕೂಗಾಡಿದರಂತೆ. ಅಷ್ಟು ದೂರ ಹೋದವಳು ಏನೂ ನೋಡಲಿಲ್ಲ ಅಂದರೆ ನಂಬುವವರು ಯಾರು?

ಮುಂದಿನ ಭೇಟಿಗೆ ಆಕೆ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟು ತಂದಿದ್ದರು. ಪ್ಯಾರಿಸ್, ಸ್ವಿಟ್ಜರ್ಲೆಂಡಿನ ಟಿಟ್ಲಿಸ್ ಬೆಟ್ಟ, ರೈನ್ ಜಲಪಾತ. ರೈಲು ಸಮಯ, ಯೂರೋ ಲೆಕ್ಕ, ಬಣ್ಣ ಬಣ್ಣದ ಗೆರೆ. ಸ್ಟುಟ್‌ಗಾರ್ಟ್‌ನಿಂದ ಪ್ಯಾರಿಸ್‌ಗೆ ವೇಗದ ರೈಲಿನಲ್ಲಿ ಮೂರು ಗಂಟೆ ಚಿಲ್ಲರೆ. ಮಾಡಿದರೆ ಆಗುವಂಥದ್ದೇ. ಆದರೆ ಶೀಟಿನ ಕೊನೆಯ ಕಾಲಂ ನನ್ನ ಕಣ್ಣಿಗೆ ಬಿತ್ತು: ‘ಮನೆಗೆ ಹೇಳೋದು ಯಾವಾಗ’. ಎಲ್ಲದರ ಮುಂದೆಯೂ ಖಾಲಿ. ಮುಂದಿನ ಸಲ ಗಂಡನನ್ನು ಕರೆದುಕೊಂಡು ಬನ್ನಿ ಅಂದೆ.

ಗಂಡ ಬಂದರು. ಜಾಸ್ತಿ ಮಾತಿನವರಲ್ಲ. ಕುರ್ಚಿಯ ತುದಿಯಲ್ಲಿ ಕೂತು ಬೈಕಿನ ಕೀಲಿ ತಿರುಗಿಸುತ್ತಿದ್ದರು. ನಾನು ಒಂದೇ ಪ್ರಶ್ನೆ ಕೇಳಿದೆ. ‘ಆ ಶನಿವಾರ, ಭಾನುವಾರಗಳಲ್ಲಿ ಇವರು ರೂಮಿನಲ್ಲೇ ಇದ್ದರಲ್ಲ, ಅದರಿಂದ ನಿಮಗೆ ಸಮಾಧಾನ ಆಯ್ತಾ?’

ಅವರು ಹೆಂಡತಿಯ ಮುಖ ನೋಡಿದರು. ಆಮೇಲೆ ಹೇಳಿದರು. ‘ಇವಳು ಎಲ್ಲಾದ್ರೂ ಹೊರಗೆ ಹೋಗಿದ್ರೆ ನಮಗೂ ಸ್ವಲ್ಪ ಆರಾಮ ಇರ್ತಿತ್ತು ಮೇಡಂ.’

ಆಕೆಯ ಮುಖ ಕೆಂಪಾಯಿತು. ‘ಅಂದ್ರೆ ನಾನು ನಿಮಗೆ ತೊಂದ್ರೆ ಕೊಟ್ನಾ?’

‘ತೊಂದ್ರೆ ಅಂತಲ್ಲ. ದೋಸೆ ಸೀದ್ರೆ ನಾನೂ ಮಗನೂ ಸೀದ ದೋಸೆನೇ ತಿಂತಿದ್ವಿ. ಅವನಿಗೆ ಅದೂ ತಮಾಷೆನೇ. ಆದ್ರೆ ನೀನು ಅಲ್ಲಿಂದ ನೋಡ್ತಾ ಇರ್ತಿದ್ದೆ. ಪರೀಕ್ಷೆ ಬರೀವಾಗ ಮೇಷ್ಟ್ರು ತಲೆ ಹತ್ರ ನಿಂತ್ಕೊಂಡಂಗೆ.’

ಇಲ್ಲಿಗೆ ಮುಗಿಯಬಹುದಿತ್ತು. ಹೆಂಡತಿ ಸ್ವಲ್ಪ ಬಿಟ್ಟುಕೊಡಬೇಕು, ಗಂಡ ಸ್ವಲ್ಪ ಹೊಣೆ ಹೊರಬೇಕು ಅಂತ ಹೇಳಿ ಕಳಿಸಬಹುದಿತ್ತು. ಆದರೆ ಆಕೆ ಅಳಲಿಲ್ಲ, ವಾದ ಮಾಡಲಿಲ್ಲ. ಗೋಡೆ ನೋಡಿಕೊಂಡು, ‘ಫೀನಿಕ್ಸ್’ ಅಂದರು.

ಮಗನಿಗೆ ಎಂಟು ತಿಂಗಳಿದ್ದಾಗ ಗಂಡ ಅಮೆರಿಕಾದ ಫೀನಿಕ್ಸ್‌ಗೆ ಕೆಲಸದ ಮೇಲೆ ಹೋಗಿದ್ದರು. ಒಂದು ವಾರಾಂತ್ಯ ಸಹೋದ್ಯೋಗಿಗಳ ಜೊತೆ ಗ್ರ್ಯಾಂಡ್ ಕ್ಯಾನ್ಯನ್, ಅಲ್ಲಿಂದ ಲಾಸ್ ವೇಗಸ್. ಇಲ್ಲಿ ಮಗುವಿಗೆ ಜ್ವರ. ‘ಆಫೀಸಲ್ಲಿ ರಿಲೀಸ್ ಇದೆ, ಫೋನ್ ಎತ್ತಕ್ಕಾಗಲ್ಲ’ ಅಂತ ಮೆಸೇಜು. ನಾಲ್ಕು ದಿನ ಆದಮೇಲೆ ಸಹೋದ್ಯೋಗಿಯ ಹೆಂಡತಿ ಹಾಕಿದ ಫೇಸ್‌ಬುಕ್ ಫೋಟೋದಲ್ಲಿ ಇವರ ಗಂಡನೂ ಟೋಪಿ ಹಾಕಿಕೊಂಡು ನಿಂತಿದ್ದರು. ಆಗ ಜಗಳವಾಗಿ, ಕ್ಷಮೆ ಕೇಳಿ, ಎಲ್ಲಾ ಮುಗಿದಿದೆ ಅಂತ ಗಂಡ ಅಂದುಕೊಂಡಿದ್ದರು.

‘ಸ್ಟುಟ್‌ಗಾರ್ಟ್‌ನಲ್ಲಿ ನನಗೆ ಹೋಗಬೇಕು ಅಂತ ಆಸೆ ಇತ್ತು ಮೇಡಂ’ ಅಂದರು ಆಕೆ. ‘ಟೀಮಿನವರು ಕರೆದ್ರು. ಬೇಕಂತಲೇ ಹೋಗಲಿಲ್ಲ. ನಾನು ಇವರ ಥರ ಅಲ್ಲ ಅಂತ ಇವರಿಗೆ ಗೊತ್ತಾಗಬೇಕಿತ್ತು.’

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ನೇರವಾಗಿ ಇದನ್ನು ಒಪ್ಪಿಕೊಂಡವರು ಕಡಿಮೆ. ಮೂರು ಗಂಟೆಯ ಅಲಾರಾಂ, ಬಿಳಿ ಶರ್ಟು, ಮಾತ್ರೆ, ಎಲ್ಲದರಲ್ಲೂ ಮಗನ ಮೇಲಿನ ಪ್ರೀತಿ ಇತ್ತು, ಇಲ್ಲ ಅನ್ನುತ್ತಿಲ್ಲ. ಆದರೆ ಆ ಉಪವಾಸ ಗಂಡನ ಲೆಕ್ಕಕ್ಕೆ ಬರೆದ ಸಾಲವೂ ಆಗಿತ್ತು. ಸಾಲ ಕೊಟ್ಟಿದ್ದು ಗಂಡನಿಗೆ ಗೊತ್ತೇ ಇಲ್ಲ. ಹಾಗಾಗಿ ವಸೂಲಿ ಆಗುವುದೂ ಇಲ್ಲ.

ನಾನು ಕೊಟ್ಟ ಸಲಹೆ ಇದು. ಈ ಸಲ ಹೋಗಿ. ಒಂದು ದಿನ, ಹತ್ತಿರದ ಒಂದು ಊರು. ಟಿಕೆಟ್ ತೆಗೆಯುವ ಮುಂಚೆ ಮನೆಯಲ್ಲಿ ಹೇಳಿ, ಅನುಮತಿ ಕೇಳುವ ಧಾಟಿಯಲ್ಲಿ ಬೇಡ, ‘ಶನಿವಾರ ಇಲ್ಲಿಗೆ ಹೋಗ್ತೀನಿ, ಆವತ್ತು ಇಲ್ಲಿ ಏನೇನಿದೆ’ ಅಂತ. ಆ ದಿನ ಮನೆ ಪೂರ್ತಿ ಗಂಡನದು. ನೀವು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿ ಹೋಗುವಂತಿಲ್ಲ. ಅತ್ತೆಯ ಮಾತ್ರೆ ವಿಷಯ ಮಾತ್ರ ನೀವು ಹೋಗುವ ಮುಂಚೆಯೇ ಗಂಡ ಕೂತು ಕಲಿಯಬೇಕು, ಅದರಲ್ಲಿ ತಮಾಷೆ ಇಲ್ಲ. ಫೋನು ಒಂದೇ ಹೊತ್ತು. ಬರುವಾಗ ತಪ್ಪುಕಾಣಿಕೆ ಥರ ಚೀಲ ತುಂಬಾ ಚಾಕೊಲೇಟ್ ತರುವುದು ಬೇಡ. ಗಂಡನಿಗೆ ಹೇಳಿದ್ದು ಬೇರೆ: ಫೀನಿಕ್ಸ್ ವಿಷಯ ಮುಗಿದಿದೆ ಅಂತ ನೀವೊಬ್ಬರೇ ತೀರ್ಮಾನ ಮಾಡುವಂತಿಲ್ಲ. ಆಕೆ ಹೋಗುವ ಮುಂಚೆ ಒಂದು ಸಂಜೆ ಕೂತು, ಯಾಕೆ ಸುಳ್ಳು ಹೇಳಿದಿರಿ ಅಂತ ಪೂರ್ತಿ ಹೇಳಿ.

ಗೊತ್ತು, ಇದಕ್ಕೆ ಆಕ್ಷೇಪಣೆ ಬರುತ್ತದೆ. ಒಂದು ಸಭೆಯಲ್ಲಿ ಈ ಥರದ ಸಲಹೆ ಹೇಳಿದಾಗ ಹಿರಿಯರೊಬ್ಬರು ಎದ್ದು ನಿಂತು, ಚಿಕ್ಕ ಮಗು ಬಿಟ್ಟು ಹೋದ ತಾಯಿಗೆ ತಿರುಗಾಡಿಕೊಂಡು ಬಾ ಅಂತ ಹೇಳಿಕೊಡುತ್ತೀರಾ ಅಂತ ಕೇಳಿದ್ದರು. ಹೌದು, ಹೇಳಿಕೊಡುತ್ತೇನೆ. ತಾಯಿ ಹೋಟೆಲಿನಲ್ಲಿ ಕಿಟಕಿ ಮುಚ್ಚಿ ಕೂತರೆ ಮಗನಿಗೆ ಒಂದು ತುತ್ತೂ ಜಾಸ್ತಿ ಸಿಗುವುದಿಲ್ಲ. ಗಂಡಸರಿಗೂ ಇದನ್ನೇ ಹೇಳುತ್ತೀರಾ ಅಂದರೆ, ಇಲ್ಲ, ಎಲ್ಲರಿಗೂ ಹೇಳುವುದಿಲ್ಲ. ನನ್ನ ಹತ್ತಿರ ಬರುವ ಗಂಡಸರಿಗೆ ಹೋಗುವ ಧೈರ್ಯ ಇದ್ದೇ ಇರುತ್ತದೆ, ಅದನ್ನು ಮನೆಯಲ್ಲಿ ಹೇಳುವ ಧೈರ್ಯ ಇರುವುದಿಲ್ಲ. ಅವರ ಹತ್ತಿರ ಅದರ ಬಗ್ಗೆಯೇ ಮಾತಾಡುತ್ತೇನೆ. ಹಾಗೆಯೇ, ದಿನಭತ್ಯೆ ಉಳಿಸಿ ಮನೆ ಸಾಲದ ಕಂತು ಕಟ್ಟುವವರಿದ್ದಾರೆ. ವಾರವಿಡೀ ದುಡಿದು ಶನಿವಾರ ಮಲಗಿದರೆ ಸಾಕು ಅನ್ನುವವರಿದ್ದಾರೆ. ಅವರು ರೂಮಿನಲ್ಲೇ ಇರಲಿ, ಸುಖವಾಗಿರಲಿ. ನನಗೆ ಬೇಕಾದ್ದು ಯಾಕೆ ಉಳಿದಿರಿ ಅನ್ನುವುದಕ್ಕೆ ಪ್ರಾಮಾಣಿಕ ಉತ್ತರ.

ಊರು ಯಾವುದು ಅನ್ನುವುದು ನನ್ನ ಕೆಲಸ ಅಲ್ಲ. ಆದರೆ ಎಕ್ಸೆಲ್ ಶೀಟು ತೋರಿಸಿ, ಇದು ಯಾರಿಗೋಸ್ಕರ ಅಂತ ಕೇಳಿದ್ದೆ. ‘ಫೋಟೋಗೆ’ ಅಂತ ಆಕೆ ನಕ್ಕರು. ಆಗ ಗಂಡನೇ ಬಾಯಿ ಬಿಟ್ಟರು. ‘ನಿಮ್ಮಪ್ಪನ ದಪ್ಪ ನಿಘಂಟು ಇದೆಯಲ್ಲ, ಆ ಕಿಟೆಲ್ ಸತ್ತ ಊರು ಅಲ್ಲೇ ಹತ್ರ ಅಲ್ವಾ?’

ಆಕೆಯ ತಂದೆ ಕನ್ನಡ ಮೇಷ್ಟ್ರು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯಿಂದ 1853ರಲ್ಲಿ ಇಲ್ಲಿಗೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿಯಲ್ಲಿ ಇದ್ದು, 1894ರಲ್ಲಿ ಮಂಗಳೂರಿನಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚು ಹಾಕಿಸಿದ ಫರ್ಡಿನೆಂಡ್ ಕಿಟೆಲ್ ತೀರಿಕೊಂಡದ್ದು 1903ರಲ್ಲಿ, ಟ್ಯೂಬಿಂಗೆನ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ಸಾಮಾನ್ಯ ರೈಲಿನಲ್ಲಿ ಸುಮಾರು ಒಂದು ಗಂಟೆ. ಆ ರಾಜ್ಯದೊಳಗೆ ಸಾಮಾನ್ಯ ರೈಲುಗಳಲ್ಲಿ ದಿನವಿಡೀ ಓಡಾಡುವುದಕ್ಕೆ ಒಂದೇ ಟಿಕೆಟ್ ಸಿಗುತ್ತದೆ, ವೇಗದ ರೈಲಿಗೆ ಅದು ನಡೆಯುವುದಿಲ್ಲ. ಮಾವನ ನಿಘಂಟು ಅಳಿಯನಿಗೆ ನೆನಪಿತ್ತು ಅನ್ನುವುದು ಆಕೆಗೆ ಆಶ್ಚರ್ಯ. ಆವತ್ತಿನ ಮಾತುಕತೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೇರ ನೋಡಿದ್ದು ಆಗಲೇ.

ಹೊರಡುವವರಿಗೆ ಇಷ್ಟು ವಿಚಾರಿಸಿಕೊಳ್ಳಿ ಅನ್ನುತ್ತೇನೆ. ಕಂಪನಿ ಮಾಡಿಸಿದ ವಿಮೆ ಸ್ವಂತ ತಿರುಗಾಟಕ್ಕೂ ಇದೆಯಾ? ಮ್ಯಾನೇಜರ್‌ಗೆ ತಿಳಿಸಿದ್ದೀರಾ? ಲ್ಯಾಪ್‌ಟಾಪ್ ರೂಮಿನಲ್ಲೇ ಭದ್ರವಾಗಿದೆಯಾ? ಬೇರೆ ದೇಶಕ್ಕೆ ದಾಟುವುದಾದರೆ ವೀಸಾ ಓದಿ ನೋಡಿ. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು, ಅದರೊಳಗಿನ ಸ್ವಿಟ್ಜರ್ಲೆಂಡ್‌ಗೆ ಹೋಗಿಬರಬಹುದು. ಲಂಡನ್‌ಗೆ ಬೇರೆಯೇ ವೀಸಾ ಬೇಕು, ನಿಮ್ಮದು ಒಂದೇ ಸಲದ ಪ್ರವೇಶದ ವೀಸಾ ಆಗಿದ್ದರೆ ಅಲ್ಲಿಂದ ಜರ್ಮನಿಗೆ ವಾಪಸ್ ಬರುವಂತಿಲ್ಲ. ಸೋಮವಾರ ಬೆಳಗಿನ ಮೀಟಿಂಗ್‌ಗೆ ಸಿಗದ ಉದ್ಯೋಗಿ ಇಂಥ ಕಡೆ ಸಿಕ್ಕಿಕೊಂಡಿರುತ್ತಾರೆ.

ಆಕೆ ಹೋಗಿ ಬಂದರು. ನೆಕ್ಕರ್ ನದಿಯಲ್ಲಿ ಉದ್ದ ಕೋಲು ಊರಿ ನಡೆಸುವ ದೋಣಿ, ಕವಿ ಹೋಲ್ಡರ್ಲಿನ್ ಕೊನೆಯ 36 ವರ್ಷ ಕಳೆದ ಹಳದಿ ಗೋಪುರ, ಇಷ್ಟು ನೋಡಿದರಂತೆ. ಕಿಟೆಲ್ ಬಗ್ಗೆ ಅಂಗಡಿಯಲ್ಲಿ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಮಾತಾಡಿಕೊಂಡಿದ್ದಂತೆ ಮಧ್ಯಾಹ್ನ ಎರಡಕ್ಕೆ ಫೋನ್ ಮಾಡಿದರು. ಇಲ್ಲಿ ಸಂಜೆ ಐದೂವರೆ. ಮಗ ಕ್ರಿಕೆಟ್ ಆಡುತ್ತಿದ್ದ, ‘ಆಮೇಲೆ ಮಾಡಕ್ಕೆ ಹೇಳು’ ಅಂತ ಅಪ್ಪನ ಹತ್ತಿರ ಹೇಳಿ ಕಳಿಸಿದ. ಆಕೆಗೆ ತುಂಬಾ ನೋವಾಯಿತಂತೆ. ಅದನ್ನು ನಾನು ಸಮಾಧಾನ ಮಾಡುವುದಕ್ಕೆ ಹೋಗಲಿಲ್ಲ. ಮುಂದಿನ ಶನಿವಾರ ಮತ್ತೆ ಮೂರು ಗಂಟೆಗೆ ಅಲಾರಾಂ ಇಟ್ಟಿದ್ದೆ ಅಂತಲೂ ಹೇಳಿದರು. ಅಭ್ಯಾಸ ಒಂದೇ ಪ್ರವಾಸಕ್ಕೆ ಬಿಡುವಂಥದ್ದಲ್ಲ.

ಫೀನಿಕ್ಸ್ ಮಾತು ಇಬ್ಬರೂ ಆಡಿದ್ದಾರೆ, ಇನ್ನೂ ಆಡುತ್ತಿದ್ದಾರೆ. ಕೊನೆಯ ಸಲ ಬಂದಾಗ ಗಂಡ ಸ್ನೇಹಿತರ ಜೊತೆ ಕುದುರೆಮುಖ ಹತ್ತುವ ಯೋಚನೆ ಮುಂದಿಟ್ಟರು. ಆ ವಾರ ಮಗನ ಪರೀಕ್ಷೆ, ಅದರ ಮುಂದಿನ ವಾರ ಹೋಗಿ ಅಂತ ಆಕೆ ಕ್ಯಾಲೆಂಡರ್ ತೆಗೆದು ತೋರಿಸಿದರು. ಅತ್ತೆಗೆ ಮಾತ್ರ ನನ್ನ ಮೇಲೆ ಅಸಮಾಧಾನ ಇದೆಯಂತೆ. ದುಡ್ಡು ಕೊಟ್ಟು ಬುದ್ಧಿ ಹೇಳಿಸಿಕೊಳ್ಳೋಕೆ ಹೋದರೆ ಊರು ಸುತ್ತು ಅಂದರಂತೆ, ಇದನ್ನು ನಾನೇ ಬಿಟ್ಟಿಯಾಗಿ ಹೇಳುತ್ತಿರಲಿಲ್ಲವೇ ಅಂತ.