ಹಾಮೋನ್ ರೇಖೆ ಮೂಡದಿರಲು ಕಾರಣ ಮಣ್ಣಲ್ಲ, ಉಕ್ಕು

ನಮಸ್ಕಾರ. ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಮಾಡಿದ ಚಾಕುವಿನ ಬೆನ್ನಿಗೆ ಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೂ ಜಪಾನಿನ ಕತ್ತಿಗಳಲ್ಲಿರುವಂತಹ, ಗಡಸು ಬಾಯಿಗೂ (ಹರಿತವಾದ ಅಂಚಿಗೂ) ಮೆದು ಬೆನ್ನಿಗೂ ನಡುವಿನ ಗಡಿ ತೋರುವ ಅಲೆಯಾಕಾರದ ಹಾಮೋನ್ ರೇಖೆ ಏಕೆ ಮೂಡಲಿಲ್ಲ, ಮಣ್ಣನ್ನು ಇನ್ನಷ್ಟು ದಪ್ಪಗೆ ಹಚ್ಚಬೇಕೇ ಎಂದು ಕೇಳಿದ್ದೀರಿ. ದಪ್ಪ ಹೆಚ್ಚಿಸಿ ಫಲವಿಲ್ಲ; ಬದಲಾಗಬೇಕಾದದ್ದು ಉಕ್ಕು.

ಸ್ಪ್ರಿಂಗ್ ಉಕ್ಕಿನಲ್ಲಿ ಸಾಮಾನ್ಯವಾಗಿ ಕ್ರೋಮಿಯಂ, ಮ್ಯಾಂಗನೀಸ್‌ನಂತಹ ಲೋಹಗಳು ಬೆರೆತಿರುವುದರಿಂದ ಅದು ನಿಧಾನವಾಗಿ ತಣಿದರೂ ಒಳಗಿನವರೆಗೆ ಗಡಸಾಗುತ್ತದೆ. ಹೀಗಾಗಿ ಮಣ್ಣಿನಡಿಯ ಬೆನ್ನೂ ಬಾಯಿಯಂತೆಯೇ ಗಡಸಾಗಿ, ಎರಡರ ನಡುವೆ ಗೆರೆ ಉಳಿಯುವುದಿಲ್ಲ. ಇಂಗಾಲ ಹೆಚ್ಚಿದ್ದು ಅಂತಹ ಲೋಹಗಳು ಕಡಿಮೆಯಿರುವ 1095 ಅಥವಾ ಡಬ್ಲ್ಯು2 ಎಂಬ ದರ್ಜೆಯ ಉಕ್ಕನ್ನು ತೆಗೆದುಕೊಳ್ಳಿ. ಇವು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಿಂದ 550ರ ಕೆಳಕ್ಕೆ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಇಳಿದರೆ ಮಾತ್ರ ಮಾರ್ಟೆನ್‌ಸೈಟ್ ಎಂಬ ಗಡಸು ರೂಪ ತಾಳುತ್ತವೆ. ಮಣ್ಣಿನಡಿಯಲ್ಲಿ ತಡವಾಗಿ ತಣಿದ ಭಾಗ ಪರ್ಲೈಟ್ ಎಂಬ ಮೆದು ರೂಪದಲ್ಲಿಯೇ ನಿಲ್ಲುತ್ತದೆ.

ಜಪಾನಿನ ಕಮ್ಮಾರರು ಜೇಡಿಮಣ್ಣಿಗೆ ಇದ್ದಿಲ ಪುಡಿ ಮತ್ತು ಸಾಣೆಕಲ್ಲಿನ ಪುಡಿ ಬೆರೆಸಿ, ಬೆನ್ನಿಗೆ ದಪ್ಪಗೆ ಹಚ್ಚಿ, ಬಾಯಿಯ ಕಡೆಗೆ ತೆಳು ಅಡ್ಡಗೆರೆಗಳನ್ನು ಎಳೆಯುತ್ತಾರೆ. ಆ ಗೆರೆಗಳಡಿಯಲ್ಲಿ ಉಳಿಯುವ ಮೆದು ಪಟ್ಟಿಗಳು, ಅಂದರೆ ಆಶಿ, ಬಾಯಿ ಚಕ್ಕೆಯೆದ್ದರೂ ಬಿರುಕು ಮುಂದೆ ಹರಡದಂತೆ ತಡೆಯುತ್ತವೆ. ಈ ಕುಸುರಿ ಕೇವಲ ಅಲಂಕಾರವಲ್ಲ ಎಂಬುದೇ ನನಗೆ ಬಹಳ ಇಷ್ಟವಾದ ಸಂಗತಿ. ಮಣ್ಣು ಪೂರ್ತಿ ಒಣಗಿರಲಿ, ಇಲ್ಲವಾದರೆ ಬೆಂಕಿಯಲ್ಲಿ ಆವಿಯೆದ್ದು ಸಿಡಿದುಹೋಗುತ್ತದೆ. ನೀರಿನಲ್ಲಿ ಅದ್ದಿದರೆ ಗೆರೆ ಸ್ಫುಟವಾಗುವುದಾದರೂ ಅಲಗು ಸೀಳುವ ಅಪಾಯ ಹೆಚ್ಚು. ಮೊದಲ ಪ್ರಯತ್ನಕ್ಕೆ ವೇಗವಾಗಿ ತಣಿಸುವ ಕ್ವೆಂಚಿಂಗ್ ಎಣ್ಣೆಯೇ ಲೇಸು. ಅದ್ದಿದ ಕೂಡಲೇ 200 ಡಿಗ್ರಿಯಲ್ಲಿ ಎರಡು ಗಂಟೆ ಹದಗೊಳಿಸಿ, ನಯವಾಗಿ ಉಜ್ಜಿದ ಮೇಲೆ ತೆಳುವಾದ ಫೆರಿಕ್ ಕ್ಲೋರೈಡ್ ದ್ರಾವಣದಿಂದ ಒರೆಸಿದರೆ ರೇಖೆ ಎದ್ದು ಕಾಣುತ್ತದೆ.